ಸೋಸಿದ ನೀರು

ಸೌಭಾಗ್ಯ,

ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾವ ಬಾವಿಯ ನೀರನ್ನೇ ಕೊಡು, ಕಣ್ಣು ಮುಚ್ಚಿ ಒಂದು ಗುಟುಕು ಕುಡಿದು ಊರಿನ ಹೆಸರು ಹೇಳುವ ಗಂಡಸು ಈ ಸೀಮೆಯಲ್ಲಿ ನಿನ್ನ ಮಾಮನೊಬ್ಬನೇ. ತಂಬ್ರಹಳ್ಳಿಯ ನೀರು ಕುಡಿದು, ಕೊಡ ತೊಳೆದವಳ ಹೆಸರನ್ನೂ ಹೇಳಿದ್ದೇನೆ. ನಿಮ್ಮವ್ವ ಜಂಬಕ್ಕ ನಂಬುವುದಿಲ್ಲ. ಒಡಹುಟ್ಟಿದವಳು, ಹೇಗೆ ನಂಬುತ್ತಾಳೆ.

ನೀನು ಊರು ಬಿಟ್ಟು ಹೋಗಿ ಎಂಟು ತಿಂಗಳಾಯಿತು. ಫೋನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ.

ಕಾರ್ಖಾನೆಯ ನೀರು ನಮ್ಮ ಹಳ್ಳಕ್ಕೆ ಬಿದ್ದ ಮೇಲೆ ಮೂರು ಸಲ ಪರೀಕ್ಷೆ ಆಗಿತ್ತು. ಖರ್ಚು ಕಂಪನಿಯದು, ಬಂದವರ ಕಾರು ಕಂಪನಿಯದು, ಮಧ್ಯಾಹ್ನದ ಊಟವೂ ಕಂಪನಿಯದು. ಮೂರು ಸಲವೂ ನೀರು ಚೊಕ್ಕ! ಯಾರೂ ನಂಬಲಿಲ್ಲ. "ನನ್ನ ಸೊಸಿ ಲ್ಯಾಬಿನಾಗ ಅದಾಳ, ಆಕಿ ಹೇಳಿದ್ದ ಖರೆ" ಎಂದು ಕಟ್ಟೆಯ ಮೇಲೆ ಎದೆ ತಟ್ಟಿದವನು ನಾನೇ.

ಬಾಟಲಿ ಕೊಟ್ಟು ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಮಾಮ, ಹಳ್ಳದಾಗ ಹೆಂಗೈತೋ ಹಂಗ ತುಂಬು. ಏನೂ ಮಾಡಬ್ಯಾಡ."

ಕೆಂಪಗೆ ಕದಡಿದ ಆ ನೀರು ನೋಡಿ ನನಗೆ ನಾಚಿಕೆಯಾಯಿತು. ಬೀಗರಿಗೆ ಸೋಸದ ನೀರು ಕೊಡುವ ಮನೆತನವೇ ನಮ್ಮದು? "ಇಂಥಾ ನೀರು ಕುಡಿಯೋರಾ ನಿಮ್ಮಂದಿ" ಎಂದು ನಿನ್ನ ಆಫೀಸಿನವರು ನಕ್ಕರೆ? ನೀರು ತಿಳಿಯಾಗಲೆಂದು ಕೊಡದ ಒಳಗೆ ಚಿಲ್ಲದ ಬೀಜ ತೇಯ್ದೆ. ಬಗ್ಗಡ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಮಡಿ ಪಂಚೆಯಲ್ಲಿ ಎರಡು ಸಲ ಸೋಸಿ ತುಂಬಿದೆ.

ನೀನು ಕಟ್ಟೆಯ ಮೇಲೆ ನಿಂತು ಲ್ಯಾಬಿನ ಕಾಗದ ಓದಿದೆ. ನೀರಿನಲ್ಲಿ ದೋಷವಿಲ್ಲ. ದ್ಯಾಮಕ್ಕ ಎಲ್ಲರೆದುರು ಕೇಳಿದಳು: "ಉಚ್ಚಂಗೆಪ್ಪ, ನಿನ್ನ ಸೊಸಿ ಕೈಗೆ ಕಂಪನಿಯವ್ರು ಬಂಗಾರದ ಬಳಿ ಹಾಕ್ಯಾರೇನೋ?" ನೀನು ನನ್ನತ್ತ ತಿರುಗಿದೆ. "ಮಾಮ, ನೀರು ಇದ್ದಂಗ ತುಂಬಿದ್ದಿ, ಹೌದಿಲ್ಲೋ?"

"ಇದ್ದಂಗ ತುಂಬೀನಿ," ಎಂದೆ.

ಆ ಒಂದು ಮಾತಿಗೆ ನೀನು ಊರ ಕಣ್ಣಿನಲ್ಲಿ ಕಂಪನಿಗೆ ಮಾರಿಕೊಂಡವಳಾದೆ. ನಮ್ಮ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯದೆ ಬಸ್ಸು ಹತ್ತಿದೆ. ಕಂಪನಿಯವರು ನಿನ್ನ ಕಾಗದವನ್ನು ಗೇಟಿಗೆ ಅಂಟಿಸಿದರು: ಊರವರೇ ಮಾಡಿಸಿದ ಪರೀಕ್ಷೆ. ಅವರಿಗೆ ಇನ್ನೇನು ಬೇಕಿತ್ತು.

ನಿನ್ನ ಮಾತು ಸುಳ್ಳಲ್ಲವೆಂದು ತೋರಿಸಲು ಊರೆಲ್ಲ ನೋಡುವಂತೆ ನನ್ನ ಕುರಿಗಳನ್ನು ಅದೇ ಹಳ್ಳಕ್ಕೆ ಇಳಿಸಿದೆ. ನೀರು ಅದೇ ಅಲ್ಲವೇ, ಸೋಸಿದರೇನು ಎಂದುಕೊಂಡಿದ್ದೆ. ಕುರಿಗಳಿಗೆ ಯಾರೂ ಸೋಸಿ ಕೊಟ್ಟಿರಲಿಲ್ಲ ತಾಯಿ.

ನಾಳೆ ಬೆಳಿಗ್ಗೆ ಇದನ್ನೇ ಕಟ್ಟೆಯ ಮೇಲೆ ನಿಂತು ಓದುತ್ತೇನೆ. ನಗಲಿ, ಉಗಿಯಲಿ. ನಿನ್ನ ಹೆಸರು ನಿನಗೆ ಮರಳಿ ಬರಲಿ. ನೀನು ಬಂದು ನಿನ್ನ ಕೈಯಿಂದಲೇ ಇನ್ನೊಂದು ಬಾಟಲಿ ತುಂಬು. ನಾನು ದಂಡೆಯ ಮೇಲೆ ದೂರ ಕೂತಿರುತ್ತೇನೆ, ಮುಟ್ಟುವುದಿಲ್ಲ.

ನೂರು ವರ್ಷ ತಣ್ಣಗೆ ಬಾಳು, ನನ್ನವ್ವ.

ನಿನ್ನ ಸುಳ್ಳುಬುರುಕ ಮಾಮ,
ಉಚ್ಚಂಗೆಪ್ಪ

ಎರಡು ಕುರಿ ಸತ್ತವು, ಅದೂ ರೋಗದಿಂದ ಎಂದು ನಿಮ್ಮವ್ವನಿಗೆ ಹೇಳಿದ್ದೆ. ಮೂವತ್ತೊಂದು, ಸೌಭಾಗ್ಯ. ಹಟ್ಟಿಯಲ್ಲಿ ಈಗ ಒಂದೂ ಇಲ್ಲ.