ನಲ್ಲಿಗೆ ವಾಪಸು ಬಿಡಲಾಗದ್ದು

ರೀ,

ಹೊಳೆಗೆ ಹೋಗಿದ್ದೇನೆ. ಅತ್ತೆಯ ಜೈನ ನೇಮ ಗೊತ್ತಲ್ಲ, ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅವು ಬಂದ ನೀರಿಗೇ ಬಿಡಬೇಕು. ಹಿತ್ತಲ ಬಾವಿ ಇದ್ದಾಗ ಅಲ್ಲೇ ಬಿಡುತ್ತಿದ್ದೆ. ನನಗೆ ಸುಲಭವಾಗಲಿ ಅಂತ ನೀವು ಅದನ್ನು ಮುಚ್ಚಿಸಿ ನಲ್ಲಿ ಹಾಕಿಸಿದಿರಿ. ನಲ್ಲಿಯೊಳಕ್ಕೆ ವಾಪಸು ಬಿಡುವುದು ಹೇಗೆ? ನಲ್ಲಿಗೆ ನೀರು ಬರುವುದು ಹೊಳೆಯಿಂದ, ಅದಕ್ಕೇ ದಿನವೂ ಅಲ್ಲಿಗೆ ಈ ನಡಿಗೆ.

ಅನ್ನ ಒಲೆಯ ಪಕ್ಕ ಇದೆ. ಹೊತ್ತು ಮುಳುಗುವ ಮೊದಲೇ ಉಣ್ಣಿ, ಬಲ್ಬು ಇದೆಯಲ್ಲ ಅನ್ನಬೇಡಿ.

ನಲ್ಲಿ ರಿಪೇರಿಗೆ ಬಂದಿದ್ದ ಪಾಲಾಕ್ಷ, "ಟ್ಯಾಂಕಿಗೇ ಪುಡಿ ಆಕ್ತಾರೆ ಕಣಮ್ಮ, ಒಂದ್ ಉಳಾನೂ ಬದುಕಾಕಿಲ್ಲ" ಅಂದ. ಅತ್ತೆಗೆ ಹೇಳಬೇಡಿ, ನೀರು ಕುಡಿಯುವುದನ್ನೇ ಬಿಟ್ಟಾರು.

ನಾನು ವಾಪಸು ಬಂದ ಕೂಡಲೇ ಅತ್ತೆ "ಎಲ್ಲಾ ಜೋಪಾನವಾಗಿ ಬಿಟ್ಟ್ಯಾ?" ಅಂತ ಕೇಳುತ್ತಾರೆ. ಇವತ್ತು ಹೂಂ ಅನ್ನುತ್ತೇನೆ. ನಾಳೆ ಹೊಳೆಗೆ ನೀವು ಹೋಗಿ, ಹೂಂ ಅನ್ನುವುದೂ ನೀವೇ.

ಚಂದ್ರಪ್ರಭಾ