ಕೆಮ್ಮಣ್ಣಿನ ಗುರ್ತು

ಸನಮಡಿ, ಶುಕ್ರವಾರ ಮುಂಜಾನಿ

ವಿಠೋಬಣ್ಣಗ ದತ್ತಾನ ನಮಸ್ಕಾರ.

ನೀ ನನ್ನ ಫೋನ್ ಎತ್ತವಲ್ಲಿ. ಅದಕ್ಕ ರೂಪಾಲಿ ವೈನಿ ಕಟ್ಟಿದ ಬುತ್ತ್ಯಾಗ ಈ ಚೀಟಿ ಇಟ್ಟೀನಿ. ಸಿಟ್ಟಾಗಬ್ಯಾಡ, ಮೊದಲ ಉಣ್ಣು.

ಗುಡ್ಡದ ಕರಿಕಲ್ಲು ಒಡದ್ರಿ, ನಾ ಸುಮ್ನಿದ್ದೆ. ಇವತ್ತು ಮಧ್ಯಾಹ್ನದ ಮ್ಯಾಲ ಅದರ ಕೆಳಗಿನ ಕೆಮ್ಮಣ್ಣಿನ ಪದರಕ್ಕ ನೀ ನಡಸೂ ಪೋಕ್ಲೇನ್ ಮಷಿನ್ ಬರತೈತಿ. "ಅದು ಬರೇ ಕಸ, ಕೆರದು ಒಗೀರಿ" ಅಂದಾನಂತ ಗುತ್ತೇದಾರ. ಕಸ ಅಲ್ಲಣ್ಣಾ. ಕೋಟಿಗಟ್ಟಲೆ ವರ್ಷದ ಹಿಂದ ಇಲ್ಲಿ ಜ್ವಾಲಾಮುಖಿ ಒಮ್ಮೆ ಉಗುಳಿ ಮತ್ತೊಮ್ಮೆ ಉಗುಳೂದರಾಗ ಆದ ಮಣ್ಣಂತ ಅದು. ಮಳಿ ನೀರು ಅದರ ಮ್ಯಾಲ ನಿಂತು ನಮ್ಮ ಝರಿಗೆ ಬರತೈತಿ ಅಂತ ಕಲ್ಲು ನೋಡಾಕ ಬಂದಿದ್ದ ಕಾಲೇಜ್ ಮ್ಯಾಡಮ್ ಹೇಳ್ಯಾರ. ಅದನ್ನ ಹರದ್ರ ಝರಿ ಹೋತು. ಆಮ್ಯಾಲ ಕುರಿ ಎಲ್ಲಿ ನೀರು ಕುಡೀಬೇಕು?

ದೀಪಾವಳಿ ಪಾಡ್ಯಕ್ಕ ಕುರಿ ಬೆನ್ನಿಗೆ ಮನಿ ಗುರ್ತು ಹಾಕಾಕ ಅಪ್ಪ ಝರಿ ದಂಡಿಗೆ ಕಾಣೂ ಇದ ಕೆಮ್ಮಣ್ಣು ತರತಿದ್ದ. ಮೊದಲ ಗುರ್ತು ಹಿರೇಮಗಂದು ಅಂತ ನಿನ್ನ ಕೈಲೆ ಹಾಕಸ್ತಿದ್ದ.

ಸೋಮವಾರ ತಹಶೀಲದಾರ ಸಾಹೇಬ್ರು ಮ್ಯಾಡಮ್ ಜೋಡಿ ನೋಡಾಕ ಬರತಾರ. ಅಲ್ಲೀತನಾ ಮಷಿನ್ ನಿಲ್ಲಸು. ಪೈಪ್ ಒಡದೈತಿ ಅನ್ನು. ಹೊಟ್ಟಿನೋವು ಅಂತ ಹೇಳಿ ಸಾಲಿ ತಪ್ಪಸೂದು ನನಗ ಕಲಿಸಿದಾಂವ ನೀನ, ನಿನಗ ಒಂದು ಸುಳ್ಳು ಭಾರ ಆಗತೈತೇನು?

ಅದೂ ಆಗಲಿಲ್ಲಂದ್ರ, ಬಕೆಟ್ ಇಳಸೂಕಿಂತ ಮೊದಲ ಕ್ಯಾಬಿನ್ನಿಂದ ಕೆಳಗಿಳಿದು ನೋಡು. ನೀ ಇದನ್ನ ಓದೂ ಹೊತ್ತಿಗೆ ಕುರಿ ಎಲ್ಲಾ ಆ ಕೆಮ್ಮಣ್ಣಿನ ಮ್ಯಾಲ ನಿಂತಿರತಾವು. ನಡುವ ನಾ ಕುಂತಿರತೀನಿ. ನನ್ನ ಅಂಗಿ ಬೆನ್ನಿಗೂ ಮನಿ ಗುರ್ತು ಹಾಕು ಅಂದೆ, ವೈನಿ ಅದ ಕೆಮ್ಮಣ್ಣು ಕಲಸಿ ಹಾಕ್ಯಾಳ.

ನಿನ್ನ ತಮ್ಮ,
ದತ್ತಾ