ನಲ್ಲಿ ಐಟಮ್

೪ ಆಗಸ್ಟ್ ೨೦೦೭, ಬೆಳಿಗ್ಗೆ

ಸ್ವಸ್ತಿಶ್ರೀ. ವಿಜಯನಗರಾಧೀಶ್ವರ (ಬಾಡಿಗೆ ಮನೆ, ಮೊದಲನೇ ಮಹಡಿ), ಮಿಮಿಕ್ರಿ ಸಾರ್ವಭೌಮ ಕಿಟ್ಟಿ ಮಹಾರಾಜರು ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಡಬ್ಬಿಯ ಮುಂದೆ ಆಸೀನರಾದರು. ಪೈಪು ಬಾಯಿಗಿಟ್ಟು ಉಸಿರು ಎಳೀಬೇಕು, ಒಳಗಿರೋ ಮೂರು ಬಾಲ್ ಮೇಲೇಳಬೇಕು. ಹೆಸರಿಟ್ಟಿದೀನಿ — ಬ್ರಹ್ಮ, ವಿಷ್ಣು, ಮಹೇಶ್ವರ. ಇವತ್ತು ಮೂವರೂ ಎದ್ರು. ಮಹೇಶ್ವರ ಸೋಮಾರಿ. ಆದ್ರೂ ಎದ್ದ.

ಜೂನ್‌ನಲ್ಲಿ ಕುಂಬಳಗೋಡು ಹತ್ರ ನಮ್ಮ ಆರ್ಕೆಸ್ಟ್ರಾ ಓಮ್ನಿ ಹೋಗಿ ಲಾರಿಗೆ ಮುತ್ತು ಕೊಡ್ತು. ಡ್ರೈವರ್‌ಗೆ ಕಾಲು, ನನಗೆ ಪಕ್ಕೆಲುಬು. ಎರಡು ವಾರಕ್ಕಿಂತ ಜಾಸ್ತಿ ಗಂಟಲಲ್ಲಿ ಪೈಪು. ಮಷೀನ್ ಉಸಿರಾಡ್ತಿತ್ತು, ನಾನು ರೆಸ್ಟ್.

ಗಣೇಶನ ಕಮಿಟಿ ಮುನಿರಾಮಯ್ಯನವರು ಕಿತ್ತಳೆ ಹಣ್ಣು ತಂದಿದ್ರು. "ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಪ್ಪ. ಬಸವೇಶ್ವರನಗರದ ಹುಡುಗ ಒಬ್ಬ ಇದಾನೆ, ಕಾಗೆ ಚೆನ್ನಾಗಿ ಮಾಡ್ತಾನೆ."

ಕಾಗೆ! ನಾಲ್ಕು ವರ್ಷದಿಂದ ಆ ಸ್ಟೇಜ್ ನಂದು.

"ಸಾರ್, ಸತ್ರೂ ಬರ್ತೀನಿ."

"ಬೇಡಪ್ಪ. ಬದುಕೇ ಬಾ."

೧೧ ಆಗಸ್ಟ್

ಪುರಾತನ ಐಟಮ್‌ನ ಪುನರ್ ಪ್ರತಿಷ್ಠಾಪನೆ. ಕಾವೇರಿ ನೀರು ದಿನ ಬಿಟ್ಟು ದಿನ. ಬರೋಕೆ ಮುಂಚೆ ನಲ್ಲಿ ಗಾಳಿ ಕಾರುತ್ತೆ — ಹ್ಹೀಂ... ಸುಯ್ಯ್... ಹಾಸಿಗೇಲಿ ಮಲಗೇ ಅದನ್ನ ಮಾಡ್ದೆ. ಅಮ್ಮ ಬಿಂದಿಗೆ, ಬಕೆಟ್ಟು, ಕೊನೆಗೆ ಇಡ್ಲಿ ಪಾತ್ರೆ ಸಮೇತ ನಲ್ಲಿ ಹತ್ರ ಓಡಿದ್ಲು. ತಿರುಗಿಸಿದ್ಲು. ಒಣ.

"ಮುಂಡೇದೇ! ನೀನೇ ಏನೋ?"

"ಹೂಂ ಅಮ್ಮ, ನಾನೇ."

ಚಪ್ಪಲಿ ಎತ್ಕೊಂಡು ಬಂದವಳು ನನ್ನ ತಲೆ ಹಿಡ್ಕೊಂಡು ಅತ್ಲು. ಆಕ್ಸಿಡೆಂಟ್ ಆದ್ಮೇಲೆ ಮೊದಲನೇ ಸಲ ಬೈದಿದ್ದು. ರಾಜಮಾತೆ ಶಶಿಕಲಾ ದೇವಿಯವರು ಪ್ರಸನ್ನರಾದರು ಅಂತ ದಾಖಲಿಸಲಾಗಿದೆ.

೨೩ ಆಗಸ್ಟ್

ಹಾಲಿನ ಪ್ಯಾಕೆಟ್ ತಗೊಂಡು ಮೆಟ್ಲು ಹತ್ತುವಾಗ ಐಟಮ್ ತಾನಾಗೇ ಬಂತು. ಹ್ಹೀಂ... ನಾನು ಮಾಡಿದ್ದಲ್ಲ.

ಮೇಲಿನ ರೂಮಿನ ರುದ್ರೇಶ — ಗದಗದವನು, ಕೊರಿಯರ್ ಹಂಚೋನು — ಚಪ್ಪಾಳೆ ತಟ್ಟಿದ. "ಭಾರಿ ಬಂತಲೇ! ಥೇಟ್ ನಳಾನ ಐತಿ ನೋಡು!"

ಬಗ್ಗಿ ನಮಸ್ಕಾರ ಮಾಡಿದ ಹಾಗೆ ನಿಂತೆ. ಬಗ್ಗಿದ್ದು ನಮಸ್ಕಾರಕ್ಕಲ್ಲ.

೩೦ ಆಗಸ್ಟ್

ಯಾರಿಗೂ ಹೇಳದೆ ಬಾಪೂಜಿ ನಗರದ ಕ್ಲಿನಿಕ್ಕಿಗೆ ಹೋದೆ. ಡಾಕ್ಟ್ರು ಎದೆಗಿಟ್ಟ ಸ್ಟೆತಸ್ಕೋಪ್ ಕುತ್ತಿಗೆಗೆ ತಂದ್ರು. ಆಮೇಲೆ ನಗಲಿಲ್ಲ. ಪೈಪು ಇದ್ದ ಜಾಗದಲ್ಲಿ ಗಾಯ ಮಾಯ್ತಾ ಮಾಯ್ತಾ ಕೆಲವರಿಗೆ ಉಸಿರಿನ ನಾಳ ಸಣ್ಣ ಆಗುತ್ತಂತೆ. "ನಾಳೇನೇ ದೊಡ್ಡಾಸ್ಪತ್ರೆಗೆ ಹೋಗ್ರಿ. ಕ್ಯಾಮೆರಾ ಬಿಟ್ಟು ನೋಡ್ತಾರೆ. ಅಡ್ಮಿಟ್ ಆಗ್ಬೇಕಾಗ್ಬಹುದು."

"ಗಣೇಶ ಮುಗಿದ ಮೇಲೆ ಹೋದ್ರೆ?"

"ಉಸಿರಿಗೆ ಹಬ್ಬ ಗೊತ್ತೇನ್ರಿ?"

ಒಳ್ಳೆ ಡೈಲಾಗು. ಕದ್ದಿಟ್ಕೊಂಡೆ.

ಅಡ್ಮಿಟ್ ಆದ್ರೆ ಕಾಗೆ ಸ್ಟೇಜ್ ಏರುತ್ತೆ. ಅಮ್ಮ ಮತ್ತೆ ಐಸಿಯು ಹೊರಗೆ ಆ ಬೆಂಚಿನ ಮೇಲೆ ಕೂರ್ತಾಳೆ. ಎರಡೂ ಬೇಡ. ಮನೆಗೆ ಬಂದು ಹೀಂ ಅಂದಾಗ ಅಮ್ಮ ಏನೋ ಅದು ಅಂದ್ಲು.

"ಪ್ರಾಕ್ಟೀಸಮ್ಮ."

೯ ಸೆಪ್ಟೆಂಬರ್

ಮಹೇಶ್ವರ ಸಮಾಧಿ. ವಿಷ್ಣು ಯೋಗನಿದ್ರೆ. ಬ್ರಹ್ಮ ಒಬ್ಬನೇ ಅಲ್ಲಾಡ್ತಾನೆ.

ಮಲಗಕ್ಕಾಗಲ್ಲ. ಗೋಡೆಗೆ ಒರಗಿ ಕೂತೇ ನಿದ್ದೆ. ಮಹಾರಾಜರ ದರ್ಬಾರು ಇಪ್ಪತ್ನಾಲ್ಕು ಗಂಟೆ ನಡೀತಿದೆ.

ಅಮ್ಮನ ಫಿರ್ಯಾದು: "ಸಾಕು ಮಾಡೋ ನಿನ್ನ ನಲ್ಲಿ! ತಲೆ ಚಿಟ್ಟು ಹಿಡೀತು. ನಿಜವಾದ ನೀರು ಯಾವಾಗ ಬರುತ್ತೆ ಅಂತ್ಲೇ ತಿಳಿಯಲ್ಲ ನಂಗೆ."

೧೭ ಸೆಪ್ಟೆಂಬರ್

ನಿನ್ನೆ ಸಂಜೆ ಪ್ರೋಗ್ರಾಮು.

ಹೋಗಿ ನಿಂತೆ. 'ಎಲ್ರಿಗೂ ನಮಸ್ಕಾರ' ಅನ್ನೋಕೆ ಉಸಿರು ಎಳೆದೆ — ಹ್ಹೀಂ ಅಂತು, ಮೈಕಲ್ಲಿ. ಆಮೇಲೆ ನಗು ನೋಡಬೇಕು... ಒಬ್ಬಳು ಆಂಟಿ ಎದ್ದೇಬಿಟ್ಟಳು, "ಅಯ್ಯೋ ಬಿಂದಿಗೆ!" ಅಂತ. ಒನ್ಸ್ ಮೋರ್. 'ತಡೀರಿ' ಅನ್ನೋಕೆ ಹೋದೆ — ಹ್ಹೀಂ. ಒನ್ಸ್ ಮೋರ್. ಮಂಡಿಯೂರಿದೆ. ಸಿಳ್ಳೆ. ನೆಲಕ್ಕೆ ಕೈ ಊರಿದೆ. ಮಕ್ಕಳೂ ಹೀಂ, ಹೀಂ ಅಂತ ಕೋರಸ್ಸು. ಮುಂದಿನ ಸಾಲಲ್ಲಿ ಅಮ್ಮ, ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಾ ಇದ್ಲು, ಪಕ್ಕದವರಿಗೆ ನನ್ನನ್ನ ತೋರಿಸಿ.

ಮುನಿರಾಮಯ್ಯನವರು ಕುತ್ತಿಗೆಗೆ ಶಾಲು ಸುತ್ತಿದ್ರು. "ನಾವೆಲ್ಲ ಉಸಿರು ಬಿಗಿ ಹಿಡ್ಕೊಂಡು ನೋಡಿದ್ವಿ ಕಣಪ್ಪ!"

ನಾನೂ ಸಾರ್.

ಹಿಂದುಗಡೆ ರುದ್ರೇಶ ಮಾತ್ರ ನಕ್ಕಿರ್ಲಿಲ್ಲ. "ಯಾಕಲೇ, ತುಟಿ ನೀಲಿ ಆಗ್ಯಾವ?"

"ಮೇಕಪ್ಪು."

ಬೆರಳಿಂದ ನನ್ನ ತುಟಿ ಒರೆಸಿ ಬೆರಳು ನೋಡಿದ. ಬಣ್ಣ ಹತ್ತಿರ್ಲಿಲ್ಲ. ಆಗ ಹೇಳ್ದೆ, ಎಲ್ಲಾನೂ. ಕೆಟ್ಟದಾಗಿ ಬೈದ. ಈಗ್ಲೇ ನಡಿ ಅಂದ. ಅಮ್ಮ ಇವತ್ತೊಂದಿನ ಖುಷಿಯಾಗಿರ್ಲಿ ಕಣೋ ಅಂದೆ. ಇವತ್ತು ಅವನಿಗೆ ರಜೆ ಸಿಗ್ಲಿಲ್ಲ, ಮಂಗಳವಾರ ಮಧ್ಯಾಹ್ನ ಆಟೋ ತರ್ತಾನೆ.

೧೮ ಸೆಪ್ಟೆಂಬರ್, ಮಂಗಳವಾರ, ಹತ್ತೂವರೆ

ಬ್ರಹ್ಮನೂ ಏಳ್ಲಿಲ್ಲ.

ಅಮ್ಮಾ ಅಂದೆ. ದನಿ ಇಲ್ಲ. ಬರೀ ಹ್ಹೀಂ. ಅಡುಗೆಮನೇಲಿ ಸಾರಿಗೆ ಒಗ್ಗರಣೆ ಸದ್ದು. ಏಳೋಕೆ ಕಾಲು ಬರ್ತಿಲ್ಲ. ಬರೆದು ತೋರಿಸ್ತೀನಿ. ಅಮ್ಮ ಇದು ಐಟಮ್ ಅಲ್ಲ. ರುದ್ರೇಶನ್ನ ಕರಿ.

ಅವಳಿಗೆ ಕೇಳಿಸ್ತು. "ಇವತ್ತು ನೀರು ಬರೋ ದಿನ ಅಲ್ಲ ಕಣೋ ಕಳ್ಳಾ. ನಂಬಲ್ಲ ನಾನು." ನಗ್ತಾ ಇದಾಳೆ.

ಇನ್ನೊಂದು. ದೊಡ್ಡದು.

ಬಿಂದಿಗೆ ಸದ್ದು. ನಂಬಿದ್ಲು. ಬಾಗಿಲ ಮುಂದೇನೇ ಓಡಿದ್ಲು, ಬಚ್ಚಲ ಕಡೆ. ಈ ಕಡೆ ನೋಡ್ಲಿಲ್ಲ. ಪುಸ್ತಕ ಎತ್ತಿ ಹಿಡ್ಕೊಂಡಿದ್ದೆ.

ನಲ್ಲಿ ತಿರುಗಿಸಿದ್ಲು. ಒಣ.

"ನೀನೇ ಏನೋ?"

ಹೂಂ ಅಮ್ಮ ನಾ